ಕಡಲ ಗಾಳಿಗೆ ಟೆಂಡರ್ ಕರೆದರೆ ಯಾಕೆ ಯಾರೂ ಬರಲಿಲ್ಲ?

ಸರ್ಕಾರವೇ ದುಡ್ಡು ಕೊಡುತ್ತೇನೆ ಎಂದ ಮೇಲೂ ಕಂಪನಿಗಳು ಹತ್ತಿರ ಸುಳಿಯದೇ ಇರುವುದು ನಮ್ಮ ದೇಶದಲ್ಲಿ ಅಪರೂಪ. ಕಡಲ ಗಾಳಿ ವಿದ್ಯುತ್ ವಿಷಯದಲ್ಲಿ ಅದೇ ಆಯಿತು.

2024ರ ಜೂನ್‌ನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ 6,853 ಕೋಟಿ ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವಾಟಿನ ಗಾಳಿಯಂತ್ರ ನಿಲ್ಲಿಸುವುದಕ್ಕೆ, ಉಳಿದ 600 ಕೋಟಿ ಎರಡು ಬಂದರುಗಳನ್ನು ಸಜ್ಜು ಮಾಡುವುದಕ್ಕೆ. ಕೆಲವೇ ತಿಂಗಳಲ್ಲಿ ಗುಜರಾತಿನ 500 ಮೆಗಾವಾಟಿಗೆ ಟೆಂಡರ್ ಬಂತು. ಅದಕ್ಕೂ ಮುಂಚೆ, ಆ ವರ್ಷದ ಫೆಬ್ರುವರಿಯಲ್ಲೇ, ತಮಿಳುನಾಡಿನ ಕರಾವಳಿಯಲ್ಲಿ 4 ಗಿಗಾವಾಟಿಗೆ (ಅಂದರೆ 4,000 ಮೆಗಾವಾಟಿಗೆ) ಬೇಕಾದ ಸಮುದ್ರತಳವನ್ನು ಗುತ್ತಿಗೆಗೆ ಕೊಡುತ್ತೇವೆ ಎಂದು ಇನ್ನೊಂದು ಟೆಂಡರ್ ಕರೆದಿದ್ದರು. ಕೊನೆಯ ದಿನಾಂಕ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಕಂಪನಿಗಳು ಆಸಕ್ತಿ ತೋರಿಸಲಿಲ್ಲ. 2025ರಲ್ಲಿ ಎರಡನ್ನೂ ರದ್ದು ಮಾಡಿದರು.

ಅದೇ 2025ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ವಿಶ್ವ ಗಾಳಿ ದಿನದ ಸಮಾವೇಶ ನಡೆದಿತ್ತು. 2024-25ರಲ್ಲಿ ದೇಶದಲ್ಲೇ ಅತಿ ಹೆಚ್ಚು, 1,331 ಮೆಗಾವಾಟ್, ಗಾಳಿ ವಿದ್ಯುತ್ ಸೇರಿಸಿದ ರಾಜ್ಯ ಎಂದು ಕರ್ನಾಟಕಕ್ಕೆ ಶಹಬ್ಬಾಸ್‌ಗಿರಿ ಸಿಕ್ಕಿತು. ನವೀಕರಿಸಬಹುದಾದ ಇಂಧನ ಖಾತೆ ನೋಡಿಕೊಳ್ಳುವ ಕೇಂದ್ರ ಮಂತ್ರಿ ಪ್ರಲ್ಹಾದ ಜೋಶಿ ಧಾರವಾಡದ ಸಂಸದರು. ಹಾಗಾಗಿ ಇಲ್ಲಿನ ಓದುಗರಿಗೆ ಗೊಂದಲ ಆಗುವುದು ಸಹಜ. ಗದಗದ ಗುಡ್ಡದ ಮೇಲೆ ಸಲೀಸಾಗಿ ನಿಲ್ಲುವ ಯಂತ್ರ ಕಡಲಿಗೆ ಇಳಿಯುವಾಗ ಯಾಕೆ ತಡವರಿಸುತ್ತಿದೆ? ಮೂರು ಕಡೆ ಸಮುದ್ರ ಇದೆ, ಗಾಳಿ ಇದೆ, ಸಬ್ಸಿಡಿ ಇದೆ. ಇನ್ನೇನು ಕಮ್ಮಿ?

ದುಡ್ಡು ಸಾಲದು ಅನ್ನುವುದು ಒಂದು ಉತ್ತರ. ಅದು ಸುಳ್ಳಲ್ಲ. ಆದರೆ ಅದರ ಹಿಂದೆ ಇನ್ನೊಂದು ಕಾರಣ ಇದೆ, ಅದು ಸುದ್ದಿಯಲ್ಲಿ ಬರುವುದೇ ಕಡಿಮೆ. ಆ ಕಡಲಿನ ಬಗ್ಗೆ ನಮಗೆ ಗೊತ್ತಿರುವುದು ತೀರಾ ಕಡಿಮೆ, ಮತ್ತು ಅದನ್ನು ಗೊತ್ತು ಮಾಡಿಕೊಳ್ಳಬೇಕಾದ ವಿಶ್ವವಿದ್ಯಾಲಯಗಳೂ ಕಂಪನಿಗಳೂ ಒಂದೇ ಮೇಜಿಗೆ ಬಂದಿಲ್ಲ.

ನೆಲದ ಗಾಳಿ, ಕಡಲ ಗಾಳಿ

ಮೊದಲು ಗಾತ್ರ ನೋಡೋಣ. ಈಗ ಕಡಲಿಗೆಂದೇ ಮಾಡುವ ವೆಸ್ಟಾಸ್ ಕಂಪನಿಯ 15 ಮೆಗಾವಾಟಿನ ಟರ್ಬೈನಿನ ಒಂದು ರೆಕ್ಕೆಯ ಉದ್ದ 115 ಮೀಟರಿಗಿಂತ ಜಾಸ್ತಿ. ವಿಜಯಪುರದ ಗೋಳಗುಮ್ಮಟವನ್ನು ಒಂದರ ಮೇಲೊಂದು ಎರಡು ಇಟ್ಟರೂ ಅಷ್ಟು ಎತ್ತರ ಆಗುವುದಿಲ್ಲ. ಅಂಥ ಮೂರು ರೆಕ್ಕೆ. ಇದನ್ನು ಲಾರಿಯಲ್ಲಿ ಘಾಟಿ ಹತ್ತಿಸುವ ಮಾತೇ ಇಲ್ಲ. ಬಂದರಿನ ಪಕ್ಕದಲ್ಲೇ ಜೋಡಿಸಿ, ಸಮುದ್ರತಳಕ್ಕೆ ಕಾಲೂರಿ ನಿಲ್ಲುವ ವಿಶೇಷ ಹಡಗಿನಲ್ಲಿ ಒಯ್ದು ನಿಲ್ಲಿಸಬೇಕು. ಅಂಥ ಹಡಗು ನಮ್ಮಲ್ಲಿ ಒಂದೂ ಇಲ್ಲ. ಹೊರಗಿನಿಂದ ಬಾಡಿಗೆಗೆ ತರಬೇಕು, ಬಾಡಿಗೆ ದಿನದ ಲೆಕ್ಕ.

ಆ ದಿನಗಳ ಲೆಕ್ಕವೇ ಇಲ್ಲಿ ಕಷ್ಟದ್ದು. ಗುಜರಾತಿನ ಕಡಲಲ್ಲಿ ಗಾಳಿ ಜೋರಾಗಿರುವುದು ನೈಋತ್ಯ ಮುಂಗಾರಿನಲ್ಲಿ. ಆದರೆ ಆಗಲೇ ಕಡಲೂ ಕೆರಳಿರುತ್ತದೆ. ನಮ್ಮ ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಜೂನ್ ಜುಲೈನಲ್ಲಿ ದೋಣಿ ದಡದಲ್ಲೇ ಇರುತ್ತವೆ. ಅಂದರೆ ವಿದ್ಯುತ್ ಚೆನ್ನಾಗಿ ಬರುವ ತಿಂಗಳುಗಳಲ್ಲಿ ಕಟ್ಟುವ ಕೆಲಸವೂ ಇಲ್ಲ, ಕೆಟ್ಟು ನಿಂತ ಯಂತ್ರವನ್ನು ರಿಪೇರಿ ಮಾಡಲು ಹೋಗುವುದೂ ಕಷ್ಟ. ಯುರೋಪಿನ ಉತ್ತರ ಸಮುದ್ರದಲ್ಲಿ ಚಳಿಗಾಲದ ತೊಂದರೆ ಬೇರೆ ಥರದ್ದು, ಅದನ್ನು ಅಲ್ಲಿನವರು ಮೂವತ್ತು ವರ್ಷದಿಂದ ಅಳೆದು ಬರೆದಿಟ್ಟುಕೊಂಡಿದ್ದಾರೆ. ನಮ್ಮ ಮುಂಗಾರಿನ ಅಲೆಗಳಲ್ಲಿ ವರ್ಷಕ್ಕೆ ಎಷ್ಟು ದಿನ ಒಬ್ಬ ಮೆಕ್ಯಾನಿಕ್ ಸುರಕ್ಷಿತವಾಗಿ ದೋಣಿಯಿಂದ ಟರ್ಬೈನಿನ ಏಣಿಗೆ ಕಾಲಿಡಬಹುದು? ಈ ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ, ಯೋಜನೆಯ ಲಾಭ ನಷ್ಟ ಅದರ ಮೇಲೂ ನಿಂತಿದೆ.

ಗೊತ್ತಿಲ್ಲದ್ದಕ್ಕೂ ಬಡ್ಡಿ ಕಟ್ಟಬೇಕು

ಬೋರ್‌ವೆಲ್ ಕೊರೆಸಿದವರಿಗೆ ಇದು ತಕ್ಷಣ ಅರ್ಥ ಆಗುತ್ತದೆ. ಅಕ್ಕಪಕ್ಕದ ಹೊಲಗಳಲ್ಲಿ ಎಷ್ಟು ಅಡಿಗೆ ನೀರು ಸಿಕ್ಕಿತು, ಎಲ್ಲಿ ಬಂಡೆ ಬಂತು ಅನ್ನುವ ಲೆಕ್ಕ ಇದ್ದರೆ ಖರ್ಚು ಎಷ್ಟಾಗುತ್ತದೆಂದು ಹೇಳಬಹುದು. ಲೆಕ್ಕವೇ ಇಲ್ಲದ ಕಡೆ? ಸರ್ಕಾರ ಅರ್ಧ ದುಡ್ಡು ಕೊಡುತ್ತದೆ ಎಂದರೂ ನೀರು ಎಲ್ಲಿದೆ ಅಂತ ಅದು ಹೇಳುವುದಿಲ್ಲವಲ್ಲ. ಉಳಿದ ಅರ್ಧವನ್ನು ಸಾಲ ಮಾಡಿ ಸುರಿಯಲು ಜನ ಹಿಂದೆ ಮುಂದೆ ನೋಡುತ್ತಾರೆ.

ಗಾಳಿಯಲ್ಲಿ ಈ ಹೆದರಿಕೆಗೆ ಒಂದು ಗಣಿತ ಇದೆ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಸೆಕೆಂಡಿಗೆ 7.5 ಮೀಟರ್ ಎಂದುಕೊಂಡ ಕಡೆ ನಿಜವಾಗಿ 7 ಮೀಟರ್ ಮಾತ್ರ ಇದ್ದರೆ, ವೇಗ ಇಳಿದದ್ದು ಶೇ. 7ರಷ್ಟು, ಗಾಳಿಯಲ್ಲಿರುವ ಶಕ್ತಿ ಇಳಿದದ್ದು ಸುಮಾರು ಶೇ. 19. ಯಂತ್ರದಿಂದ ಹೊರಬರುವ ವಿದ್ಯುತ್ ಇದೇ ಪ್ರಮಾಣದಲ್ಲಿ ಇಳಿಯುವುದಿಲ್ಲ ನಿಜ, ಯಾಕೆಂದರೆ ಒಂದು ವೇಗ ದಾಟಿದ ಮೇಲೆ ಟರ್ಬೈನ್ ತನ್ನ ಗರಿಷ್ಠ ಮಿತಿಯಲ್ಲೇ ಓಡುತ್ತದೆ. ಆದರೂ ಅರ್ಧ ಮೀಟರಿನ ತಪ್ಪು ಅಂದಾಜು ಸಾವಿರಾರು ಕೋಟಿಯ ಯೋಜನೆಯನ್ನು ಮುಳುಗಿಸಲು ಸಾಕು.

ಬ್ಯಾಂಕುಗಳು ಇದಕ್ಕೆ ಏನು ಮಾಡುತ್ತವೆ ನೋಡಿ. ವರ್ಷಕ್ಕೆ ಸರಾಸರಿ 100 ಯೂನಿಟ್ ಬರಬಹುದು ಎಂದು ಎಂಜಿನಿಯರ್ ಹೇಳಿದರೆ ಬ್ಯಾಂಕ್ ಆ 100ನ್ನು ನಂಬಿ ಸಾಲ ಕೊಡುವುದಿಲ್ಲ. ಹತ್ತರಲ್ಲಿ ಒಂಬತ್ತು ಪಾಲು ಖಾತ್ರಿಯಾಗಿ ದಾಟುವ ಅಂಕಿ ಯಾವುದು ಎಂದು ಕೇಳುತ್ತದೆ. ಅಂದಾಜಿನಲ್ಲಿ ಶೇ. 10ರಷ್ಟು ಅನಿಶ್ಚಿತತೆ ಇದ್ದರೆ ಆ ಅಂಕಿ 87. ಅಳತೆ ಚೆನ್ನಾಗಿ ಮಾಡಿ ಅನಿಶ್ಚಿತತೆಯನ್ನು ಶೇ. 6ಕ್ಕೆ ಇಳಿಸಿದರೆ ಅದೇ ಅಂಕಿ 92 ಆಗುತ್ತದೆ. ಗಾಳಿ ಬದಲಾಗಲಿಲ್ಲ, ಯಂತ್ರ ಬದಲಾಗಲಿಲ್ಲ, ನಮಗೆ ಗೊತ್ತಿರುವುದು ಮಾತ್ರ ಸ್ವಲ್ಪ ಜಾಸ್ತಿ ಆಯಿತು. ಅಷ್ಟಕ್ಕೇ ಜಾಸ್ತಿ ಸಾಲ ಹುಟ್ಟುತ್ತದೆ, ಬಡ್ಡಿ ಇಳಿಯುತ್ತದೆ. ಕಡಲ ಯೋಜನೆಯಲ್ಲಿ ಇಂಧನಕ್ಕೆ ಖರ್ಚಿಲ್ಲ, ದುಡ್ಡೆಲ್ಲ ಮೊದಲೇ ಸುರಿಯಬೇಕು. ಹಾಗಾಗಿ ಬಡ್ಡಿ ಸ್ವಲ್ಪ ಅಲುಗಿದರೂ ಯೂನಿಟ್ ದರ ಅಲುಗುತ್ತದೆ.

ನಮ್ಮಲ್ಲಿ ಅಳತೆ ಎಷ್ಟು ನಡೆದಿದೆ? 2017ರ ನವೆಂಬರಿನಲ್ಲಿ ಗುಜರಾತಿನ ಪಿಪಾವಾವ್ ಬಂದರಿನಾಚೆ, ಖಂಬಾತ್ ಕೊಲ್ಲಿಯಲ್ಲಿ, ದಡದಿಂದ ಸುಮಾರು 23 ಕಿಲೋಮೀಟರ್ ದೂರದಲ್ಲಿ ಒಂದು ಲೈಡಾರ್ ಕೂರಿಸಿದರು. ಲೇಸರ್ ಕಿರಣ ಮೇಲಕ್ಕೆ ಬಿಟ್ಟು ಗಾಳಿಯ ವೇಗ ಅಳೆಯುವ ಉಪಕರಣ ಅದು. ನೂರು ಮೀಟರ್ ಎತ್ತರದಲ್ಲಿ 7.5 ಮೀಟರಿನ ಆಸುಪಾಸು ಎಂದು ಅದು ಹೇಳಿತು. ದೇಶದ ಕಡಲಲ್ಲಿ ಅಂಥದ್ದು ಅದೇ ಮೊದಲು. ಅಷ್ಟು ದೊಡ್ಡ ಕೊಲ್ಲಿಗೆ ಒಂದು ಉಪಕರಣ, ಅದೂ 2015ರಲ್ಲಿ ರಾಷ್ಟ್ರೀಯ ನೀತಿ ಹೊರಬಂದು ಎರಡು ವರ್ಷ ಆದ ಮೇಲೆ.

ಡೆನ್ಮಾರ್ಕಿನ ರೈತರ ಯಂತ್ರ

ಜಗತ್ತಿನ ಮೊದಲ ಕಡಲ ಗಾಳಿ ವಿದ್ಯುತ್ ಕೇಂದ್ರ ಡೆನ್ಮಾರ್ಕಿನ ವಿಂಡೆಬಿ. 1991ರಲ್ಲಿ 11 ಟರ್ಬೈನ್, ಒಂದೊಂದೂ 450 ಕಿಲೋವಾಟಿನದು. ಒಟ್ಟು ಸೇರಿಸಿದರೆ 5 ಮೆಗಾವಾಟ್ ಕೂಡ ಆಗುವುದಿಲ್ಲ, ಈಗಿನ ಒಂದೇ ಟರ್ಬೈನ್ ಅದರ ಮೂರು ಪಟ್ಟು ಕೊಡುತ್ತದೆ. 2017ರಲ್ಲಿ ಅದನ್ನು ಬಿಚ್ಚಿದರು. ಆದರೆ ಕಥೆ ಶುರುವಾಗುವುದು ಅದಕ್ಕೂ ಮುಂಚೆ.

1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಡೆನ್ಮಾರ್ಕಿನಲ್ಲಿ ಗಾಳಿಯಂತ್ರ ಮಾಡಲು ಹೊರಟವರಲ್ಲಿ ಹೆಚ್ಚಿನವರು ಸಣ್ಣ ವರ್ಕ್‌ಶಾಪಿನವರು, ಕೃಷಿ ಉಪಕರಣ ಮಾಡುತ್ತಿದ್ದವರು. ವೆಸ್ಟಾಸ್ ಕೂಡ ಅಂಥದ್ದೇ ಕಂಪನಿ. ರೀಸೊ ಎಂಬಲ್ಲಿನ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 1978ರಲ್ಲಿ ಒಂದು ಪರೀಕ್ಷಾ ಕೇಂದ್ರ ತೆರೆದರು. ಆ ಪ್ರಯೋಗಾಲಯ ಇದ್ದದ್ದೇ ಅಣುಶಕ್ತಿ ಸಂಶೋಧನೆಗೆ, ಅದು ಬೇರೆ ಮಾತು. ಮರುವರ್ಷ ಸರ್ಕಾರ ಗಾಳಿಯಂತ್ರ ಕೊಳ್ಳುವವರಿಗೆ ಸಬ್ಸಿಡಿ ಶುರು ಮಾಡಿತು, ಜೊತೆಗೆ ಒಂದು ಷರತ್ತು ಹಾಕಿತು. ರೀಸೊದಲ್ಲಿ ಒಪ್ಪಿಗೆ ಪಡೆದ ಯಂತ್ರಕ್ಕೆ ಮಾತ್ರ ಸಬ್ಸಿಡಿ.

ಈ ಒಂದು ಷರತ್ತು ಮಾಡಿದ ಕೆಲಸ ದೊಡ್ಡದು. ವರ್ಕ್‌ಶಾಪಿನವರು ತಮ್ಮ ಯಂತ್ರ ಹೊತ್ತುಕೊಂಡು ವಿಜ್ಞಾನಿಗಳ ಬಾಗಿಲಿಗೆ ಬರಲೇಬೇಕಾಯಿತು. ಬಿರುಗಾಳಿಗೆ ಬ್ರೇಕ್ ಹಿಡಿಯದಿದ್ದರೆ ಅದು ಯಾಕೆ ಎಂದು ಇಬ್ಬರೂ ಕೂತು ನೋಡಬೇಕಾಯಿತು. ಒಬ್ಬರ ಯಂತ್ರ ಮುರಿದರೆ ಅದರ ಪಾಠ ಇನ್ನೊಬ್ಬರ ಯಂತ್ರಕ್ಕೂ ಸಿಕ್ಕಿತು. ಯಾವ ಜಾಗದಲ್ಲಿ ಎಷ್ಟು ಗಾಳಿ ಎಂದು ಲೆಕ್ಕ ಹಾಕುವ ವಾಸ್ಪ್ ಎಂಬ ಸಾಫ್ಟ್‌ವೇರ್ 1987ರಲ್ಲಿ ಅಲ್ಲಿಂದಲೇ ಬಂತು, ಈಗಲೂ ಜಗತ್ತಿನ ಗಾಳಿ ಎಂಜಿನಿಯರುಗಳು ಅದನ್ನು ಬಳಸುತ್ತಾರೆ.

ಅದೇ ಕಾಲದಲ್ಲಿ ಪಕ್ಕದ ಜರ್ಮನಿ ಬೇರೆ ದಾರಿ ಹಿಡಿಯಿತು. ದೊಡ್ಡ ತಜ್ಞರು, ದೊಡ್ಡ ಅನುದಾನ, ಒಂದೇ ಏಟಿಗೆ 3 ಮೆಗಾವಾಟಿನ ಗ್ರೋವಿಯಾನ್ ಎಂಬ ದೈತ್ಯ. 1983ರಲ್ಲಿ ನಿಂತಿತು, ಕೆಲವೇ ನೂರು ಗಂಟೆ ಓಡಿತು, 1980ರ ದಶಕ ಮುಗಿಯುವ ಮೊದಲೇ ಕಳಚಿಟ್ಟರು. ಕಾಗದದ ಮೇಲೆ ಲೆಕ್ಕ ಸರಿ ಇತ್ತು, ಲೋಹಕ್ಕೆ ಆ ಲೆಕ್ಕ ಗೊತ್ತಿರಲಿಲ್ಲ.

ಒಂದು ಕಂಬದ ಕಥೆ

ಸಂಶೋಧನೆ ಮತ್ತು ಉದ್ಯಮ ಕೂಡಿದರೆ ನಿಜವಾಗಿ ಏನಾಗುತ್ತದೆ ಎಂಬುದಕ್ಕೆ ಒಂದು ಕಂಬವನ್ನು ಹತ್ತಿರದಿಂದ ನೋಡಿದರೆ ಸಾಕು. ಸಮಾವೇಶಗಳಲ್ಲಿ ಒಡಂಬಡಿಕೆಗೆ ಸಹಿ ಹಾಕಿ ಫೋಟೋ ತೆಗೆಸಿಕೊಳ್ಳುವುದಕ್ಕೂ ಇದಕ್ಕೂ ತುಂಬಾ ದೂರ.

ಆಳ ಕಡಿಮೆ ಇರುವ ಕಡಲಲ್ಲಿ ಹೆಚ್ಚಿನ ಟರ್ಬೈನುಗಳು ನಿಂತಿರುವುದು ಮಾನೋಪೈಲ್ ಮೇಲೆ. ಅಂದರೆ ಒಂದೇ ಒಂದು ದಪ್ಪ ಉಕ್ಕಿನ ಕೊಳವೆ, ಸಮುದ್ರತಳಕ್ಕೆ ಬಡಿದು ಇಳಿಸಿದ್ದು. ವ್ಯಾಸ 6 ಮೀಟರ್, 8 ಮೀಟರ್, ಈಗ ಅದಕ್ಕೂ ಜಾಸ್ತಿ. ಗಾಳಿ ಟರ್ಬೈನನ್ನು ತಳ್ಳುತ್ತದೆ, ಅಲೆ ಕಂಬವನ್ನು ತಳ್ಳುತ್ತದೆ, ಕಂಬ ಮಣ್ಣನ್ನು ತಳ್ಳುತ್ತದೆ. ಮಣ್ಣು ಎಷ್ಟು ತಡೆದುಕೊಳ್ಳುತ್ತದೆ ಎಂಬುದರ ಮೇಲೆ ಕಂಬ ಎಷ್ಟು ಉದ್ದ, ಎಷ್ಟು ದಪ್ಪ ಎಂದು ತೀರ್ಮಾನ.

ಈ ಲೆಕ್ಕಕ್ಕೆ ಎಂಜಿನಿಯರುಗಳು ಬಳಸುತ್ತಿದ್ದ ಸೂತ್ರ ತೈಲ ಉದ್ಯಮದಿಂದ ಬಂದದ್ದು. ಅದರಲ್ಲಿ ಮರಳಿನ ಲೆಕ್ಕದ ಬೇರು ಅಮೆರಿಕದ ಟೆಕ್ಸಾಸ್ ಕರಾವಳಿಯ ಮಸ್ಟಾಂಗ್ ದ್ವೀಪದಲ್ಲಿ ಮಾಡಿದ ಪ್ರಯೋಗಗಳಲ್ಲಿ ಇದೆ. ಅಲ್ಲಿ ಬಳಸಿದ ಕಂಬದ ವ್ಯಾಸ 0.61 ಮೀಟರ್. ತೈಲ ವೇದಿಕೆಯ ಕಂಬಗಳು ಉದ್ದ, ಸಪೂರ, ಅಡಿಕೆ ಮರದ ಹಾಗೆ, ಬಾಗುತ್ತವೆ. ಗಾಳಿಯಂತ್ರದ ಕಂಬ ಗಿಡ್ಡ, ದಪ್ಪ, ಬೆಲ್ಲದ ಕೊಪ್ಪರಿಗೆಯ ಹಾಗೆ, ಬಾಗುವುದಿಲ್ಲ, ಇಡಿಯಾಗಿ ವಾಲುತ್ತದೆ. ಬೇರೆ ಥರದ ವಸ್ತುವಿಗೆ ಹಳೆಯ ಸೂತ್ರ ಹಾಕಿ ಲೆಕ್ಕ ಮಾಡುತ್ತಿದ್ದರು. ಸೂತ್ರದ ಮೇಲೆ ನಂಬಿಕೆ ಇಲ್ಲದಿದ್ದಾಗ ಎಂಜಿನಿಯರ್ ಏನು ಮಾಡುತ್ತಾನೆ? ಇರಲಿ ಅಂತ ಇನ್ನಷ್ಟು ಉಕ್ಕು ಸೇರಿಸುತ್ತಾನೆ. ನೂರು ಕಂಬಕ್ಕೆ ಹಾಗೆ ಸೇರಿಸಿದರೆ ಖರ್ಚು ಎಲ್ಲಿಗೆ ಹೋಗುತ್ತದೆ ನೀವೇ ಊಹಿಸಿ.

2013ರಲ್ಲಿ ಡೆನ್ಮಾರ್ಕಿನ ಇಂಧನ ಕಂಪನಿ ಡಾಂಗ್ ಎನರ್ಜಿ, ಅಂದರೆ ಈಗಿನ ಓರ್ಸ್ಟೆಡ್, ಮುಂದಾಳತ್ವ ವಹಿಸಿ ಇತರ ಕಂಪನಿಗಳನ್ನೂ ಕೂಡಿಸಿಕೊಂಡು ಪೀಸಾ ಎಂಬ ಯೋಜನೆ ಶುರು ಮಾಡಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ, ಲಂಡನ್ನಿನ ಇಂಪೀರಿಯಲ್ ಕಾಲೇಜು, ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜು ಸಂಶೋಧನೆಯ ಹೊಣೆ ಹೊತ್ತವು. ಇಂಗ್ಲೆಂಡಿನ ಕೌಡನ್‌ನಲ್ಲಿ ಗಟ್ಟಿ ಜೇಡಿಮಣ್ಣು, ಫ್ರಾನ್ಸಿನ ಡಂಕರ್ಕ್‌ನಲ್ಲಿ ಬಿಗಿಯಾದ ಮರಳು. ಎರಡೂ ಕಡೆ ನೆಲದ ಮೇಲೇ 2 ಮೀಟರ್ ವ್ಯಾಸದವರೆಗಿನ ಕಂಬಗಳನ್ನು ಹೂತು, ಅಡ್ಡಕ್ಕೆ ಎಳೆದು, ಸೋಲುವ ತನಕ ಅಳೆದರು. ಇದು ಪಿಎಚ್‌ಡಿ ವಿದ್ಯಾರ್ಥಿಯೊಬ್ಬ ಲ್ಯಾಬಿನಲ್ಲಿ ಕೂತು ಮಾಡುವ ಕೆಲಸ ಅಲ್ಲ. ಅಷ್ಟು ದೊಡ್ಡ ಉಕ್ಕು, ಕ್ರೇನು, ದುಡ್ಡು ವಿಶ್ವವಿದ್ಯಾಲಯದ ಬಳಿ ಇರುವುದಿಲ್ಲ. ಬಂದ ಅಂಕಿಗಳಿಂದ ಹೊಸ ಸಿದ್ಧಾಂತ ಕಟ್ಟುವ ಪುರುಸೊತ್ತೂ ತಾಳ್ಮೆಯೂ ಕಂಪನಿಗೆ ಇರುವುದಿಲ್ಲ. ಹೊರಬಂದ ಹೊಸ ವಿಧಾನ ಈಗ ಉದ್ಯಮದಲ್ಲಿ ಬಳಕೆಯಲ್ಲಿದೆ, ಕಂಬಗಳ ಉಕ್ಕು ಕಡಿಮೆಯಾಗಿದೆ.

ಇದರಲ್ಲಿ ಗಮನಿಸಬೇಕಾದ್ದು ಇನ್ನೊಂದು. ದುಡ್ಡು ಹಾಕಿದ ಕಂಪನಿಗಳು ಟೆಂಡರಿನಲ್ಲಿ ಒಬ್ಬರಿಗೊಬ್ಬರು ಎದುರಾಳಿಗಳು. 2008ರಲ್ಲಿ ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಶುರು ಮಾಡಿದ ಒಂದು ಸಹಕಾರ ಕಾರ್ಯಕ್ರಮದಡಿ ಅವರು ಕೂಡಿದ್ದರು. ಮಣ್ಣು ಹೇಗೆ ವರ್ತಿಸುತ್ತದೆ ಅನ್ನುವುದನ್ನು ಕೂಡಿ ಕಲಿಯೋಣ, ಬೆಲೆ ಎಷ್ಟು ಅನ್ನುವುದರಲ್ಲಿ ಬೇಕಾದರೆ ಜಗಳ ಆಡೋಣ ಎಂಬ ಹಂಚಿಕೆ ಅದು. ಬ್ರಿಟನ್ನಿನ ಹರಾಜಿನಲ್ಲಿ 1,000 ಯೂನಿಟಿಗೆ 2015ರಲ್ಲಿ 114ರಿಂದ 120 ಪೌಂಡ್ ಇದ್ದ ದರ 2019ಕ್ಕೆ 40 ಪೌಂಡಿನ ಆಸುಪಾಸಿಗೆ ಬಂತು. ಎಲ್ಲವೂ ಸಂಶೋಧನೆಯಿಂದ ಎಂದರೆ ಉತ್ಪ್ರೇಕ್ಷೆ. ಟರ್ಬೈನ್ ದೊಡ್ಡದಾಯಿತು, ಬಡ್ಡಿ ಅಗ್ಗವಾಗಿತ್ತು. ಆದರೆ ಟರ್ಬೈನ್ ದೊಡ್ಡದು ಮಾಡುವ ಧೈರ್ಯ ಬಂದದ್ದೂ ಅಳತೆಯಿಂದಲೇ.

ಜರ್ಮನಿ ಕೂಡ ಗ್ರೋವಿಯಾನಿನ ಪಾಠ ಮರೆಯಲಿಲ್ಲ. 2003ರಲ್ಲಿ ಉತ್ತರ ಸಮುದ್ರದಲ್ಲಿ ಫಿನೊ-1 ಎಂಬ ಅಳತೆಯ ವೇದಿಕೆ ನಿಲ್ಲಿಸಿತು. ಅದರ ಪಕ್ಕದಲ್ಲೇ 2010ರಲ್ಲಿ 12 ಟರ್ಬೈನಿನ ಆಲ್ಫಾ ವೆಂಟಸ್ ಬಂತು, ಅದರ ಅಂಕಿಗಳು ಸಂಶೋಧಕರ ಕೈಗೂ ಸಿಕ್ಕವು. ಮೊದಲು ಅಳತೆ, ಆಮೇಲೆ ಪ್ರಯೋಗ, ಆಮೇಲೆ ವ್ಯಾಪಾರ.

ರೆಡಿಮೇಡ್ ತಂದರೆ ಸಾಲದೇ?

ಸಾಲದು ಯಾಕೆ ಎಂದು ಕೇಳುವವರ ವಾದ ಸರಳ. ಯುರೋಪಿನವರು ಎಲ್ಲ ಕಲಿತಿದ್ದಾರೆ, ಚೀನಾ ಅಗ್ಗದಲ್ಲಿ ಮಾಡುತ್ತಿದೆ, 2024ರ ಕೊನೆಗೆ ಜಗತ್ತಿನ ಕಡಲುಗಳಲ್ಲಿ ಸುಮಾರು 83 ಗಿಗಾವಾಟ್ ನಿಂತಿತ್ತು, ಅದರಲ್ಲಿ ಅರ್ಧದಷ್ಟು ಚೀನಾದ್ದೇ. ನಾವು ಮತ್ತೆ ಚಕ್ರ ಕಂಡುಹಿಡಿಯುವುದು ಯಾಕೆ? ಯಂತ್ರ ಕೊಂಡು ತಂದು ನಿಲ್ಲಿಸಿದರೆ ಆಯಿತು.

ಯಂತ್ರ ತರಬಹುದು, ಕಡಲನ್ನು ತರಲು ಆಗುವುದಿಲ್ಲವಲ್ಲ. ಖಂಬಾತ್ ಕೊಲ್ಲಿಯ ಒಳಭಾಗದಲ್ಲಿ ಉಬ್ಬರ ಇಳಿತದ ಅಂತರ 10 ಮೀಟರ್ ದಾಟುತ್ತದೆ, ಹೊರಗಿನ ಭಾಗದಲ್ಲೂ ಸೆಳೆತ ಜೋರು. ಸಮುದ್ರತಳದಲ್ಲಿ ಮೆತ್ತನೆಯ ಜೇಡಿಯ ಪದರಗಳಿವೆ, ಕೌಡನ್ನಿನ ಗಟ್ಟಿ ಜೇಡಿಯ ಅಂಕಿ ಇಲ್ಲಿಗೆ ನೇರ ಹೊಂದುವುದಿಲ್ಲ. ಉತ್ತರ ಸಮುದ್ರದಲ್ಲಿ ಚಂಡಮಾರುತದ ಕಾಟ ಇಲ್ಲ. ಇಲ್ಲಿ 2021ರ ಮೇ 17ರ ರಾತ್ರಿ ತೌಕ್ತೆ ಚಂಡಮಾರುತ ದೀವ್ ಮತ್ತು ಉನಾ ಬಳಿ ನೆಲಕ್ಕೆ ಅಪ್ಪಳಿಸಿದಾಗ ಗಾಳಿಯ ವೇಗ ಗಂಟೆಗೆ 160 ಕಿಲೋಮೀಟರಿನ ಆಸುಪಾಸು ಇತ್ತು. ಟರ್ಬೈನ್ ನಿಲ್ಲಿಸಬೇಕೆಂದಿರುವ ಪಿಪಾವಾವ್ ಅಲ್ಲಿಂದ ದೂರ ಏನಿಲ್ಲ. ನಮ್ಮ ಕರಾವಳಿಯೂ ಆ ವಾರ ಪೆಟ್ಟು ತಿಂದಿತ್ತು.

ಚಂಡಮಾರುತಕ್ಕೆ ತಕ್ಕ ಟರ್ಬೈನುಗಳಿಗೆ ಅಂತರರಾಷ್ಟ್ರೀಯ ಮಾನದಂಡದಲ್ಲಿ 2019ರಲ್ಲಿ ಬೇರೆಯೇ ಒಂದು ವರ್ಗ ಸೇರಿಸಿದ್ದಾರೆ. ಆ ವರ್ಗದ ಯಂತ್ರ ಹಾಕಿದರೆ ಬೆಲೆ ಏರುತ್ತದೆ. ಬರೀ ಸಾಮಾನ್ಯ ಯಂತ್ರ ಹಾಕಿದರೆ ವಿಮೆ ಕೊಡುವವರು ಮೂಗು ಮುರಿಯುತ್ತಾರೆ. ಯಾವುದು ಬೇಕು, ಎಲ್ಲಿ ಬೇಕು ಎಂದು ಹೇಳಬೇಕಾದರೆ ಅರಬ್ಬಿ ಸಮುದ್ರದ ಚಂಡಮಾರುತಗಳ ಸ್ವಭಾವ ಬದಲಾಗುತ್ತಿರುವುದನ್ನು ಓದಿಕೊಂಡ ಹವಾಮಾನ ವಿಜ್ಞಾನಿ ಬೇಕು. ಅವರ ಲೆಕ್ಕವನ್ನು ಟವರಿನ ಉಕ್ಕಿನ ದಪ್ಪಕ್ಕೆ ಇಳಿಸುವ ಎಂಜಿನಿಯರೂ ಬೇಕು.

ಅಳತೆ ತಪ್ಪಿದರೆ ಪಳಗಿದವರಿಗೂ ಏಟು ಬೀಳುತ್ತದೆ. ಗಾಳಿಯಂತ್ರಗಳ ದೊಡ್ಡ ಗುಂಪು ತನ್ನ ಮುಂದೆ ಬರುವ ಗಾಳಿಯನ್ನೇ ಸ್ವಲ್ಪ ತಡೆಯುತ್ತದೆ ಎಂಬುದನ್ನು ಹಿಂದೆ ಕಡಿಮೆ ಅಂದಾಜು ಮಾಡಿದ್ದೆವು ಎಂದು 2019ರ ಅಕ್ಟೋಬರಿನಲ್ಲಿ ಓರ್ಸ್ಟೆಡ್ ತಾನೇ ಒಪ್ಪಿಕೊಂಡಿತು. ಲಾಭದ ನಿರೀಕ್ಷೆಯನ್ನು ಸುಮಾರು ಅರ್ಧ ಪರ್ಸೆಂಟ್ ಇಳಿಸಿತು, ಅದರ ಶೇರು ಕುಸಿಯಿತು.

ನಮ್ಮಲ್ಲಿ ಜನ ಇದ್ದಾರೆ, ಜೋಡಣೆ ಇಲ್ಲ

ಇಲ್ಲಿ ವಿಚಿತ್ರ ಏನೆಂದರೆ ಕೈ ಖಾಲಿ ಇಲ್ಲ. ಚೆನ್ನೈನಲ್ಲಿ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಇದೆ, ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಇದೆ, ಐಐಟಿಯಲ್ಲಿ ಸಾಗರ ಎಂಜಿನಿಯರಿಂಗ್ ವಿಭಾಗ ಇದೆ. ಸುರತ್ಕಲ್ಲಿನ ಎನ್‌ಐಟಿಕೆ ಸಮುದ್ರದ ದಡದಲ್ಲೇ ಇದೆ. 2013ರಿಂದ 2018ರವರೆಗೆ ನಡೆದ ಫೋವಿಂಡ್ ಎಂಬ ಅಧ್ಯಯನ ಕೂಟದಲ್ಲಿ ಬೆಂಗಳೂರಿನ ಸಿ-ಸ್ಟೆಪ್ ಸಂಸ್ಥೆ ಪಾಲುದಾರ ಆಗಿತ್ತು. ಗುಜರಾತ್ ಮತ್ತು ತಮಿಳುನಾಡಿನ ಕಡಲ ಬಗ್ಗೆ ಮೊದಲ ಗಂಭೀರ ವರದಿಗಳು ಅಲ್ಲಿಂದಲೇ ಬಂದವು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಜಿಇ ಕಂಪನಿಯ ದೊಡ್ಡ ತಂತ್ರಜ್ಞಾನ ಕೇಂದ್ರ ಇದೆ, ಗಾಳಿಯಂತ್ರದ ಕೆಲಸವೂ ಅಲ್ಲಿ ನಡೆಯುತ್ತದೆ. ಬೇರೆ ದೇಶದ ಗಾಳಿಗೆ ಬೇಕಾದ ಲೆಕ್ಕವನ್ನು ನಮ್ಮ ಹುಡುಗ ಹುಡುಗಿಯರು ಇಲ್ಲಿ ಕೂತು ಮಾಡುತ್ತಾರೆ, ಅರಬ್ಬಿ ಸಮುದ್ರದ್ದನ್ನು ಕೇಳುವವರು ಇಲ್ಲ.

ಹಿಂದೆ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ತಮಿಳುನಾಡಿನ ಖಾಸಗಿ ಪಾಲುದಾರರ ಜೊತೆ ಸೇರಿ 500 ಕಿಲೋವಾಟಿನ ಯಂತ್ರ ಮಾಡಿ ನೋಡಿತ್ತು. ಮಾಡಬಹುದು ಅನ್ನುವುದು ಗೊತ್ತಾಯಿತು, ಅದರಿಂದ ಒಂದು ಉದ್ಯಮ ಬೆಳೆಯಲಿಲ್ಲ. ಒಂದು ಯಂತ್ರ ಮಾಡಿದವರಿಗೆ ಎರಡನೆಯದನ್ನು, ಮೂರನೆಯದನ್ನು ಮಾಡಲು ಗಿರಾಕಿ ಬೇಕು.

ಜೋಡಣೆ ಯಾಕೆ ಆಗುವುದಿಲ್ಲ? ಪ್ರೊಫೆಸರಿಗೆ ಬಡ್ತಿ ಸಿಗುವುದು ಪ್ರಕಟಿಸಿದ ಪ್ರಬಂಧಕ್ಕೆ, ಕಂಪನಿಯ ಕಂಬ ನಿಂತದ್ದಕ್ಕಲ್ಲ. ಅಳತೆಯ ಅಂಕಿ ಸಿಗದ ವಿದ್ಯಾರ್ಥಿ ಕಂಪ್ಯೂಟರಿನಲ್ಲೇ ಕಡಲು ಕಟ್ಟಿ, ಕಂಪ್ಯೂಟರಿನಲ್ಲೇ ಟರ್ಬೈನ್ ನಿಲ್ಲಿಸಿ ಥೀಸಿಸ್ ಮುಗಿಸುತ್ತಾನೆ. ಕಂಪನಿಯ ಕಡೆಯಿಂದ ನೋಡಿದರೆ ಟೆಂಡರ್ ಗೆಲ್ಲುತ್ತೇವೋ ಇಲ್ಲವೋ ಗೊತ್ತಿಲ್ಲದಾಗ ಕೋಟಿಗಟ್ಟಲೆ ಸುರಿದು ಸಮುದ್ರತಳ ಕೊರೆಸಿ, ಆ ಅಂಕಿಯನ್ನು ಎದುರಾಳಿಗೂ ಕೊಡಿ ಎಂದರೆ ಯಾರು ಒಪ್ಪುತ್ತಾರೆ? ಇಬ್ಬರ ಹಿಂಜರಿಕೆಗೂ ಕಾರಣ ಇದೆ. ಅದಕ್ಕೇ ನಡುವೆ ಮೂರನೆಯವರು ಬೇಕಾಗುವುದು. ಬ್ರಿಟನ್ನಿನಲ್ಲಿ ಕಡಲ ಇಂಧನಕ್ಕೆಂದೇ ಇರುವ ಒಂದು ಡಾಕ್ಟರೇಟ್ ವ್ಯವಸ್ಥೆಯಲ್ಲಿ ವಿದ್ಯಾರ್ಥಿ ಹೆಚ್ಚಿನ ಕಾಲ ಕಂಪನಿಯೊಳಗೇ ಇದ್ದು, ಕಂಪನಿಯ ಪ್ರಶ್ನೆಗೇ ಉತ್ತರ ಹುಡುಕುತ್ತಾನೆ. ಎಡಿನ್‌ಬರೋ, ಎಕ್ಸಿಟರ್, ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯಗಳು ಸೇರಿ ಅದನ್ನು ನಡೆಸುತ್ತವೆ.

ಸೋಲಾರ್ ಅಗ್ಗ ಇರುವಾಗ ಇದರ ಗೋಜು ಯಾಕೆ?

ಇದು ನಿಜಕ್ಕೂ ಗಟ್ಟಿ ಪ್ರಶ್ನೆ. ಸೋಲಾರ್ ವಿದ್ಯುತ್ ಯೂನಿಟಿಗೆ ಎರಡೂವರೆ ರೂಪಾಯಿಯ ಆಸುಪಾಸಿಗೆ ಸಿಗುವಾಗ ಅದರ ಹಲವು ಪಟ್ಟು ಬೆಲೆಯ ಕಡಲ ವಿದ್ಯುತ್ ಕೊಳ್ಳಿ ಎಂದರೆ ಯಾವ ಎಸ್ಕಾಂ ಒಪ್ಪುತ್ತದೆ? ಹೊರಗಿನ ಉದಾಹರಣೆಗಳೂ ಅಷ್ಟೇನೂ ಧೈರ್ಯ ಕೊಡುವುದಿಲ್ಲ. 2023ರಲ್ಲಿ ಬ್ರಿಟನ್ನಿನ ಹರಾಜಿಗೆ ಕಡಲ ಗಾಳಿಯ ಒಂದು ಬಿಡ್ ಕೂಡ ಬರಲಿಲ್ಲ. 2024ರ ಡಿಸೆಂಬರಿನಲ್ಲಿ ಡೆನ್ಮಾರ್ಕಿನ 3 ಗಿಗಾವಾಟ್ ಟೆಂಡರಿಗೂ ಸೊನ್ನೆ. 2025ರ ಆಗಸ್ಟಿನಲ್ಲಿ ಜರ್ಮನಿಗೂ ಅದೇ ಗತಿ. ಇಷ್ಟೆಲ್ಲ ಅಳೆದವರಿಗೇ ಹೀಗಾದರೆ ಸಂಶೋಧನೆ ಏನು ಉದ್ಧಾರ ಮಾಡಿತು ಎಂದು ಕೇಳಬಹುದು.

ಅಲ್ಲೂ ಇಲ್ಲೂ ಆದದ್ದು ಒಂದೇ, ಆದರೆ ಕಾರಣ ಬೇರೆ. ಅಲ್ಲಿ ಬಡ್ಡಿ ಏರಿತು, ಉಕ್ಕು ದುಬಾರಿ ಆಯಿತು, ಸರ್ಕಾರಗಳು ಹಳೆಯ ಅಗ್ಗದ ದರವನ್ನೇ ನಂಬಿ ಕೂತವು. ಬ್ರಿಟನ್ ಮರುವರ್ಷ ದರದ ಮಿತಿ ಏರಿಸಿದ ಕೂಡಲೇ ಕಂಪನಿಗಳು ವಾಪಸ್ ಬಂದವು. ಎಷ್ಟು ಏರಿಸಿದರೆ ಸಾಕು ಎಂದು ಹೇಳುವಷ್ಟು ಅವರಿಗೆ ತಮ್ಮ ಕಡಲು ಗೊತ್ತಿತ್ತು. ನಮ್ಮಲ್ಲಿ 6,853 ಕೋಟಿ ಸಾಕೋ ಸಾಲದೋ ಅನ್ನುವುದನ್ನು ತೂಗಿ ನೋಡಲೂ ತಕ್ಕ ಆಧಾರ ಇರಲಿಲ್ಲ. 2018ರಲ್ಲಿ ಗುಜರಾತಿನ 1 ಗಿಗಾವಾಟಿಗೆ ಆಸಕ್ತಿ ಇದೆಯಾ ಎಂದು ಕೇಳಿದಾಗ 35 ಕಂಪನಿಗಳು ಕೈ ಎತ್ತಿದ್ದವು. ದುಡ್ಡು ಹಾಕುವ ಹೊತ್ತಿಗೆ ಆ ಕೈಗಳು ಕಾಣಲಿಲ್ಲ.

ಕಡಲ ಗಾಳಿಯ ಪರ ಇರುವವರು ಇನ್ನೊಂದು ಮಾತು ಹೇಳುತ್ತಾರೆ. ಮುಂಗಾರಿನ ಮೋಡದಲ್ಲಿ, ಸಂಜೆಯ ನಂತರ ಸೋಲಾರ್ ಕೈಕೊಡುವಾಗ ಈ ಗಾಳಿ ಸಿಗುತ್ತದೆ. ಸರಿ, ಆದರೆ ಚಿತ್ರದುರ್ಗದ ಗುಡ್ಡದ ಗಾಳಿಯೂ ಮುಂಗಾರಿನಲ್ಲೇ ಜಾಸ್ತಿ ಬೀಸುತ್ತದೆ. ಹಾಗಾಗಿ ಈ ವಾದವನ್ನು ಅರ್ಧ ಮಾತ್ರ ಒಪ್ಪಬಹುದು. ನೆಲದ ಮೇಲಿನ ಒಳ್ಳೆಯ ಜಾಗಗಳು ತುಂಬುತ್ತಾ ಬಂದಿವೆ, ಜಮೀನಿನ ತಕರಾರು ಹೆಚ್ಚುತ್ತಿದೆ ಅನ್ನುವ ವಾದ ಇದಕ್ಕಿಂತ ಬಲವಾದದ್ದು.

ಮೀನುಗಾರರ ಪ್ರಶ್ನೆ ಪಕ್ಕಕ್ಕಿಡುವಂಥದ್ದಲ್ಲ

ತಮಿಳುನಾಡಿನ ಕಡೆ ಗಾಳಿ ಇನ್ನೂ ಚೆನ್ನಾಗಿದೆ. ಆದರೆ ಮನ್ನಾರ್ ಕೊಲ್ಲಿ ಎಂದರೆ 21 ದ್ವೀಪಗಳ ಸಾಗರ ರಾಷ್ಟ್ರೀಯ ಉದ್ಯಾನ, ಹವಳದ ದಿಬ್ಬಗಳು, ಕಡಲ ಹಸು, ಜೊತೆಗೆ ಆ ನೀರನ್ನೇ ನಂಬಿದ ಸಾವಿರಾರು ಮೀನುಗಾರ ಕುಟುಂಬಗಳು. ಕಂಬ ಬಡಿಯುವ ಸದ್ದು ನೀರಿನೊಳಗೆ ಬಹುದೂರ ಹೋಗುತ್ತದೆ. ಟರ್ಬೈನುಗಳ ನಡುವೆ ಬಲೆ ಎಳೆಯಬಹುದೋ ಇಲ್ಲವೋ, ಕೇಬಲ್ ಹೋದ ದಾರಿಯಲ್ಲಿ ಟ್ರಾಲರ್ ಏನು ಮಾಡಬೇಕು ಎಂದು ಅವರು ಕೇಳಿದರೆ ಕೊಡಲು ಇಲ್ಲಿ ಅಳೆದ ಉತ್ತರ ಬೇಕು. ಉತ್ತರ ಸಮುದ್ರದ ಮೀನಿನ ಅಧ್ಯಯನ ತೋರಿಸಿದರೆ ಅವರು ನಂಬಬೇಕಾಗಿಯೂ ಇಲ್ಲ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಮಂಡಪಂನಲ್ಲೇ ಇದೆ. ಅಂಥವರನ್ನು ಜಾಗ ಗುರುತಿಸುವ ಹಂತದಲ್ಲೇ ಕರೆದರೆ ಒಂದು ಫಲ. ಕಂಪನಿ ಗೆದ್ದು ಬಂದ ಮೇಲೆ ಪರಿಸರ ವರದಿಗೆ ಸುಮ್ನೆ ಒಂದು ಅಧ್ಯಾಯ ಬರೆಸಿಕೊಂಡರೆ ಮುಂದೆ ಕೋರ್ಟಿನಲ್ಲಿ ವರ್ಷಗಟ್ಟಲೆ ಕೂರಬೇಕಾದೀತು, ಆ ತಡವೂ ಬಡ್ಡಿಯಾಗಿ ಯೂನಿಟ್ ದರಕ್ಕೇ ಸೇರುತ್ತದೆ.

ಇಲ್ಲಿಂದ ಮುಂದೆ

ಎರಡು ದಾರಿ ಕಾಣುತ್ತವೆ. ಸಬ್ಸಿಡಿ ಮೊತ್ತ ಹೆಚ್ಚಿಸಿ ಟೆಂಡರ್ ಮತ್ತೆ ಕರೆಯುವುದು ಸುಲಭದ್ದು. ಯಾರಾದರೂ ಬರಲೂಬಹುದು. ಆಗ ಟರ್ಬೈನ್, ಹಡಗು, ವಿನ್ಯಾಸ ಎಲ್ಲವೂ ಹೊರಗಿನದು. ಗೆದ್ದ ಕಂಪನಿ ಸಮುದ್ರತಳ ಕೊರೆದು ಕಂಡದ್ದನ್ನೆಲ್ಲ ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳುತ್ತದೆ. ಮೊದಲ 500 ಮೆಗಾವಾಟಿಗೆ ಕೊಟ್ಟ ದುಬಾರಿ ಬೆಲೆಯನ್ನು ಎರಡನೆಯದಕ್ಕೂ ಕೊಡಬೇಕಾಗುತ್ತದೆ, ಯಾಕೆಂದರೆ ಎರಡನೆಯವರು ಮತ್ತೆ ಸೊನ್ನೆಯಿಂದ ಶುರು ಮಾಡಬೇಕು.

ಇನ್ನೊಂದು ದಾರಿಗೆ ಹೊಸ ಕಾಯ್ದೆ ಏನೂ ಬೇಕಾಗಿಲ್ಲ. ಡೆನ್ಮಾರ್ಕ್ 1979ರಲ್ಲಿ ಹಾಕಿದಂಥ ಒಂದು ಷರತ್ತು ಸಾಕು. ಸಬ್ಸಿಡಿ ತೆಗೆದುಕೊಂಡವರು ಇಷ್ಟು ಕಂಬಗಳಿಗೆ ಸೆನ್ಸರ್ ಹಾಕಬೇಕು, ಮಣ್ಣಿನ ಮತ್ತು ಗಾಳಿಯ ಅಂಕಿಗಳನ್ನು ಗೊತ್ತಾದ ಅವಧಿಯ ನಂತರ ಸಂಶೋಧಕರಿಗೆ ಕೊಡಬೇಕು. ಟೆಂಡರಿಗೆ ಮುಂಚಿನ ಅಳತೆಯನ್ನು ಸರ್ಕಾರ ತನ್ನ ಖರ್ಚಿನಲ್ಲಿ ಮಾಡಿಸಿ ಎಲ್ಲ ಬಿಡ್ಡರುಗಳಿಗೂ ಒಂದೇ ಸಲ ಕೊಡಬೇಕು, ಆಗ ನಾಲ್ಕು ಕಂಪನಿಗಳು ಒಂದೇ ಜಾಗವನ್ನು ನಾಲ್ಕು ಸಲ ಕೊರೆಯುವುದು ತಪ್ಪುತ್ತದೆ. ದುಡ್ಡು ಎಲ್ಲಿಂದ ಅಂದರೆ, 2025ರ ಜುಲೈನಲ್ಲಿ ಸಂಪುಟ ಒಪ್ಪಿದ 1 ಲಕ್ಷ ಕೋಟಿಯ ಸಂಶೋಧನಾ ನಿಧಿ ಇದೆ, ಖಾಸಗಿಯವರ ಸಂಶೋಧನೆಗೆ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ಕೊಡುವುದೇ ಅದರ ಉದ್ದೇಶ. ದೇಶ ಜಿಡಿಪಿಯ ಶೇ. 0.64ರಷ್ಟನ್ನು ಮಾತ್ರ ಸಂಶೋಧನೆಗೆ ಖರ್ಚು ಮಾಡುತ್ತದೆ ಎಂದು ವರ್ಷಗಳಿಂದ ಕೊರಗುತ್ತಿದ್ದವರಿಗೆ ಇದು ಒಳ್ಳೆಯ ಸುದ್ದಿಯೇ. ಆದರೆ ಸಾಲ ಕೊಟ್ಟ ಮಾತ್ರಕ್ಕೆ ಪ್ರೊಫೆಸರೂ ಎಂಜಿನಿಯರೂ ಒಂದೇ ದೋಣಿ ಹತ್ತುವುದಿಲ್ಲ, ಅದನ್ನು ಷರತ್ತಿನಲ್ಲಿ ಬರೆಯಬೇಕು.

ಈ ದಾರಿಯಲ್ಲಿ ತಡ ಇದೆ, ಸುಳ್ಳು ಹೇಳಬಾರದು. ಗಾಳಿಯನ್ನು ನಂಬುವ ಹಾಗೆ ಅಳೆಯಲು ಒಂದೆರಡು ವರ್ಷ ಬೇಕು, ಸಮುದ್ರತಳ ಕೊರೆಯಲು ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಿಗೆ ಕಾಯಬೇಕು. 2030ಕ್ಕೆ 30 ಗಿಗಾವಾಟ್ ಎಂದು ಹಿಂದೆ ಹೇಳಿದ್ದ ಗುರಿಯನ್ನು ಈಗ ಯಾರೂ ಜೋರಾಗಿ ಹೇಳುತ್ತಿಲ್ಲ. ಹಾಗಾಗಿ ಮುಂದಿನ ಟೆಂಡರ್ ಬಂದಾಗ ಮೊತ್ತ ಎಷ್ಟು ಎಂದು ನೋಡುವುದರ ಜೊತೆಗೆ ಒಳಗಿನ ಪುಟಗಳನ್ನೂ ತಿರುವಿ ನೋಡಿ. ಸಮುದ್ರತಳದ ವರದಿಯನ್ನು ಟೆಂಡರಿನ ಜೊತೆಗೇ ಲಗತ್ತಿಸಿದ್ದಾರಾ, ಅಥವಾ ಬಿಡ್ ಹಾಕುವವರೇ ತಮ್ಮ ಜವಾಬ್ದಾರಿಯಲ್ಲಿ ತಿಳಿದುಕೊಳ್ಳತಕ್ಕದ್ದು ಎಂಬ ಸಾಲು ಇದೆಯಾ?